ಕೊನೆ ಹೇಳದ ವಿಮರ್ಶೆ

ಜೂನ್ 3

ಪಂಡಿತರೇ,

ಇಲ್ಲಿ ನಾನು, ನಿಮ್ಮಣ್ಣ, ಅವರ ಗರಗಸ, ಮೂವರೂ ನೆಟ್ಟಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ನನಗೆ ಗೊತ್ತು. ಹಾಗಾಗಿ ಚೆನ್ನಾಗಿದ್ದೀಯಾ ಎಂದು ಕೇಳಿ ಸುಳ್ಳು ಹೇಳಿಸುವುದಿಲ್ಲ.

ಕಳೆದ ತಿಂಗಳು ನಿನ್ನ ಪೇಪರಿನಲ್ಲಿ ಆ ಮೇಷ್ಟ್ರ ಆತ್ಮಕಥೆಯ ವಿಮರ್ಶೆ ಬಂದಾಗಿನಿಂದ ಮನೆಯಲ್ಲಿ ಅದರದೇ ಮಾತು. ನಿಮ್ಮಣ್ಣ ಎಂದಿನಂತೆ ಅದನ್ನು ಕತ್ತರಿಸಿ, ಮರದ ಅಂಟು ಹಚ್ಚಿ, ಕೆಲಸದ ಕೋಣೆಯ ಗೋಡೆಗೆ ಅಂಟಿಸಿದರು. ನಿನ್ನ ಬರಹಗಳಿಂದ ಗೋಡೆ ತುಂಬಿಹೋಗಿದೆ, ಸುಣ್ಣ ಬಳಿಯುವ ಖರ್ಚು ಉಳಿಯಿತು ಎಂದು ನಾನು ಸುಮ್ಮನಿದ್ದೇನೆ. ಕುರ್ಚಿಯ ಕಾಲು ರಿಪೇರಿಗೆ ಬಂದವರೂ ಅದನ್ನು ಓದಿಯೇ ಹೋಗಬೇಕು. "ಪುಸ್ತಕ ತರಿಸ್ಕೊಂಡು ಓದಿ" ಎಂದು ನಾನು ಹೇಳಿದರೆ, "ನನ್ನ ತಮ್ಮ ಓದಿದಾನಲ್ಲ, ನಾನು ಬೇರೆ ಯಾಕೆ ಓದ್ಬೇಕು?" ಅನ್ನುತ್ತಾರೆ. ಮದುವೆಯಾದಾಗಿನಿಂದ ಅವರು ಒಂದು ಪುಸ್ತಕವನ್ನೂ ಮುಗಿಸಿದ್ದು ನಾನು ಕಂಡಿಲ್ಲ. ನಿನ್ನ ವಿಮರ್ಶೆ ಮಾತ್ರ ಒಂದೂ ಬಿಟ್ಟಿಲ್ಲ.

ಇದಂತೂ ಬಾಯಿಪಾಠವಾಗಿದೆ. ಆ ಮೇಷ್ಟ್ರಿಗೂ ಇವರ ಹಾಗೇ ಮೂರ್ಛೆ ರೋಗ, ಅದೇ ಮಾತ್ರೆ, ಅದೇ ತೂಕಡಿಕೆ, ಅದೇ ಕೈನಡುಕ. "ಮಾತ್ರೆಯ ಮಂಪರಿನಿಂದ ಎದ್ದ ಮನುಷ್ಯನೊಬ್ಬ ಮೊದಲ ಸಲ ಬೆಳಗನ್ನು ನೋಡುತ್ತಿದ್ದಾನೆ" ಎಂದು ಬರೆದಿದ್ದೀಯಲ್ಲ, ಅದನ್ನು ಹಲಗೆ ನಯಮಾಡಲು ರಂದ ಹೊಡೆಯುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ.

ನಿಮ್ಮಣ್ಣ ಈಗ ತುಂಬ ಲವಲವಿಕೆಯಿಂದಿದ್ದಾರೆ. ಕೈನಡುಕ ನಿಂತಿದೆ. ಒಂದೂ ಮೊಳೆ ಹೊಡೆಯದೆ, ಬರೀ ಮರಕ್ಕೆ ಮರ ಕಚ್ಚಿಸಿ ಒಂದು ಕಪಾಟು ಮಾಡುತ್ತಿದ್ದಾರೆ. ಇಂಥ ಕೆಲಸಕ್ಕೆ ಕೈ ಹಾಕಿ ಎಷ್ಟು ಕಾಲವಾಗಿತ್ತು!

ಅಂದ ಹಾಗೆ, ಆ ಮೇಷ್ಟ್ರು ಈಗ ಹೇಗಿದ್ದಾರೆ? ಆರೋಗ್ಯವಾಗಿದ್ದಾರಾ? ಕೊನೆಯ ಅಧ್ಯಾಯದಲ್ಲಿ ಏನಿದೆಯೆಂದು ಹೇಳುವುದಿಲ್ಲ, ಅದು ಓದುಗರ ಹಕ್ಕು ಎಂದು ಬರೆದಿದ್ದೀಯ. ನಾನು ಓದುಗರ ಪೈಕಿ ಅಲ್ಲ, ನಿನ್ನ ಅತ್ತಿಗೆ. ನನಗೆ ಹೇಳಬಹುದು. ಸುಮ್ಮನೆ ಕೇಳಿದೆ.

ನಿನ್ನ ಅತ್ತಿಗೆ


ಜೂನ್ 14

ಅತ್ತಿಗೆ,

ನಿಮ್ಮ ಕಾಗದವನ್ನು ಆಫೀಸಿನ ಮೆಟ್ಟಿಲ ಮೇಲೇ ನಿಂತು ಓದಿದೆ. ಅಣ್ಣನ ಕೈನಡುಕ ನಿಂತಿತೆಂದು ತಿಳಿದು ಎಷ್ಟು ಖುಷಿಯಾಯಿತೆಂದರೆ, ಪಕ್ಕದ ಮೇಜಿನ ಕರಡು ತಿದ್ದುವವನಿಗೆ ಟೀ ಕುಡಿಸಿದೆ. ಡಾಕ್ಟರು ಮಾತ್ರೆ ಬದಲಿಸಿದರಾ? ಯಾವುದೆಂದು ಬರೆಯಿರಿ.

ಇನ್ನು ಮೇಷ್ಟ್ರ ವಿಷಯ. ಅಬ್ಬಾ, ಎಂಥ ಉಪಾಯ! ನಾನು ಚಿಕ್ಕವನಿದ್ದಾಗ ನೀವು ಕಥೆ ಹೇಳುತ್ತಾ ಒಳ್ಳೆಯ ಜಾಗಕ್ಕೆ ಬಂದ ಕೂಡಲೇ, "ಮಲಕ್ಕೋ, ಮಿಕ್ಕಿದ್ದು ನಾಳೆ" ಎಂದು ದೀಪ ಆರಿಸುತ್ತಿದ್ದಿರಿ. ಕೊನೆ ಹೇಳಿ ಎಂದು ನಾನು ಅತ್ತರೂ ಕರಗುತ್ತಿರಲಿಲ್ಲ. ಈಗ ನನ್ನ ಸರದಿ. ಹೇಳುವುದಿಲ್ಲ!

ನಿಜವಾಗಿ, ಆ ಪುಸ್ತಕದ ಜೀವ ಇರುವುದೇ ಕೊನೆಯಲ್ಲಿ. ಅದನ್ನು ಮೊದಲೇ ತಿಳಿದವನಿಗೆ ಪುಸ್ತಕ ಸಪ್ಪೆ. ವಿಮರ್ಶಕನ ಮೊದಲ ಮರ್ಯಾದೆಯೇ ಬಾಯಿ ಬಿಗಿಹಿಡಿಯುವುದು. ಈ ವಿಮರ್ಶೆಗೆ ಓದುಗರಿಂದ ಬಂದಷ್ಟು ಕಾರ್ಡುಗಳು ಯಾವುದಕ್ಕೂ ಬಂದಿಲ್ಲ. ಸಂಪಾದಕರು ಮೀಟಿಂಗಿನಲ್ಲಿ ಎಲ್ಲರೆದುರು ಹೊಗಳಿದರು. ಮೇಜಿನ ಖಾನೆ ತುಂಬಿದೆ, ಎಲ್ಲವನ್ನೂ ಓದಲು ಪುರುಸೊತ್ತಾಗಿಲ್ಲ.

ಅಣ್ಣನಿಗೆ ಪುಸ್ತಕ ಓದಿಸಿ. ಅವನು ಓದಲೇಬೇಕಾದ ಪುಸ್ತಕ ಅದು.

ನಿಮ್ಮ ಪಂಡಿತ


ಜೂನ್ 25

ಪಂಡಿತರೇ,

ಮಾತ್ರೆ ಬದಲಾಗಿಲ್ಲ.

ಓದಿಸಿ ಎಂದೆಯಲ್ಲ, ಎಲ್ಲಿಂದ ತರಲಿ? ಇಲ್ಲಿ ಪುಸ್ತಕದಂಗಡಿ ಎಂದರೆ ಪರೀಕ್ಷೆಯ ಗೈಡು ಮಾರುವವನ ಗೂಡಂಗಡಿ. ನಿನ್ನ ಹತ್ತಿರ ಇರುವುದನ್ನೇ ಕಳಿಸು. ಕಳಿಸುವುದು ತಡವಾಗುವುದಾದರೆ ಕೊನೆಯಲ್ಲಿ ಏನಾಯಿತೆಂದು ಒಂದು ಸಾಲು ಬರಿ. ತಮಾಷೆ ಬೇಡ.

ಮೊನ್ನೆ ಬೆಳಿಗ್ಗೆ ನಿಮ್ಮಣ್ಣ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಎರಡು ಸಲ ಮಾತಾಡಿಸಿದರೂ ಉತ್ತರವಿಲ್ಲ. ಲೋಟ ವಾಲಿ ಟೀ ಕಾಲ ಮೇಲೆ ಸುರಿಯುತ್ತಿದ್ದರೂ ಅವರಿಗೆ ತಿಳಿಯಲಿಲ್ಲ. ಆಮೇಲೆ ಎಚ್ಚರವಾದವರ ಹಾಗೆ ನಕ್ಕು, "ಕಪಾಟಿನ ಬಾಗಿಲ ಲೆಕ್ಕ ಹಾಕ್ತಿದ್ದೆ ಕಣೇ" ಅಂದರು. ಇರಬಹುದು.

ಒಂದು ವಿಷಯ ಬರೆಯುವುದಿಲ್ಲವೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಹಾಗಾಗಿ ಬರೆಯುತ್ತಿಲ್ಲ. ನೀನು ಓದುವುದರಲ್ಲಿ ಜಾಣ, ಇದನ್ನೂ ಸರಿಯಾಗಿ ಓದು.

ನಿನ್ನ ಅತ್ತಿಗೆ


ಜುಲೈ 9

ಅತ್ತಿಗೆ,

ತಡವಾಯಿತು, ಬೈಯಬೇಡಿ. ವರ್ಷದ ಪುಸ್ತಕಗಳನ್ನು ಆರಿಸುವ ಸಮಿತಿಗೆ ನನ್ನನ್ನು ಸೇರಿಸಿದ್ದಾರೆ. ನನ್ನ ಕೋಣೆಯಲ್ಲಿ ಪುಸ್ತಕಗಳ ನಡುವೆ ಹಾಸಿಗೆಗೆ ಜಾಗ ಹುಡುಕಬೇಕಾಗಿದೆ.

ನಿಮ್ಮ ಗುಟ್ಟು ರಟ್ಟಾಯಿತು! ಮೊಳೆಯಿಲ್ಲದ ಕಪಾಟು ನನಗೇ ತಾನೇ? ಅಣ್ಣ ನನಗೆ ತಿಳಿಯಬಾರದೆಂದು ನಿಮ್ಮಿಂದ ಮಾತು ತೆಗೆದುಕೊಂಡಿದ್ದಾನೆ. ಸರಿ, ನನಗೇನೂ ಗೊತ್ತಿಲ್ಲ ಎಂದುಕೊಂಡಿರುತ್ತೇನೆ. ಟೀ ಚೆಲ್ಲುವಷ್ಟು ಆ ಕಪಾಟಿನಲ್ಲಿ ಮುಳುಗಿದ್ದಾನೆಂದರೆ ಅವನು ಮೊದಲಿನಂತಾಗಿದ್ದಾನೆ ಎಂದೇ ಅರ್ಥ.

ಪುಸ್ತಕವನ್ನು ಸಂಪಾದಕರು ಓದಲು ಒಯ್ದಿದ್ದಾರೆ. ಕೊಟ್ಟ ಕೂಡಲೇ ಕಳಿಸುತ್ತೇನೆ. ಒಂದು ಸಾಲಿನಲ್ಲಿ ಕೊನೆ ಬರಿ ಎನ್ನುತ್ತೀರಿ. ಅದೊಂದು ಮಾತ್ರ ನನ್ನಿಂದಾಗದು ಅತ್ತಿಗೆ. ಹೊಸಬರಿಗೆ ನಾನು ಹೇಳಿಕೊಡುವುದೂ ಇದನ್ನೇ. ವಿಮರ್ಶೆ ಓದುಗನನ್ನು ಬಾಗಿಲವರೆಗೆ ಕರೆದುಕೊಂಡು ಹೋಗಬೇಕು, ಒಳಗೆ ಹೋಗುವುದು ಅವನ ಕೆಲಸ. ಕಥೆಯನ್ನೆಲ್ಲ ಹೇಳಿಬಿಟ್ಟರೆ ಪುಸ್ತಕ ಯಾರು ಕೊಳ್ಳುತ್ತಾರೆ? ನನ್ನ ಬರಹ ಓದಿದವನು ಪುಸ್ತಕ ಹುಡುಕಿಕೊಂಡು ಹೋಗಬೇಕು. ಉಪಯೋಗ ಎಂದರೆ ಅದೇ.

ಸ್ವಲ್ಪ ತಾಳಿ. ಓದಿದ ಮೇಲೆ ನನಗೇ ಥ್ಯಾಂಕ್ಸ್ ಹೇಳುತ್ತೀರಿ.

ನಿಮ್ಮ ಪಂಡಿತ


ಆಗಸ್ಟ್ 1

ಅತ್ತಿಗೆ,

ನನ್ನ ಕಾಗದ ತಲುಪಲಿಲ್ಲವಾ? ನೀವು ಇಷ್ಟು ದಿನ ಸುಮ್ಮನಿರುವವರಲ್ಲ. ಕೊನೆ ಹೇಳಲಿಲ್ಲವೆಂದು ಕೋಪವಿದ್ದರೆ ಒಂದು ಕಾರ್ಡಿನಲ್ಲಿ ಬೈದು ಕಳಿಸಿ. ಪುಸ್ತಕ ಇನ್ನೂ ಸಂಪಾದಕರ ಮನೆಯಲ್ಲೇ ಇದೆ.

ಪಂಡಿತ


ಆಗಸ್ಟ್ 6

ಪಂಡಿತರೇ ಎಂದು ಬರೆಯಲು ಮನಸ್ಸು ಬರುತ್ತಿಲ್ಲ.

ಮಾತು ಮುರಿಯುತ್ತಿದ್ದೇನೆ. ನಿನ್ನ ವಿಮರ್ಶೆ ಓದಿದ ವಾರವೇ ನಿಮ್ಮಣ್ಣ ಮಾತ್ರೆ ನಿಲ್ಲಿಸಿದರು. ಯಾರಿಗೂ ಹೇಳಕೂಡದು, ನಿನಗಂತೂ ಹೇಳಲೇಕೂಡದು ಎಂದರು. "ಪೂರ್ತಿ ವಾಸಿಯಾದ್ಮೇಲೆ ನಾನೇ ಹೋಗಿ ಅವನ ಮುಂದೆ ನಿಂತ್ಕೋತೀನಿ. ನಿನ್ನ ಒಂದು ಬರಹದಿಂದ ನಾನು ಮನುಷ್ಯ ಆದೆ ಕಣೋ ಅಂತ ಹೇಳ್ತೀನಿ" ಎನ್ನುತ್ತಿದ್ದರು. ಮೊದಮೊದಲು ನನಗೂ ಖುಷಿಯೇ. ಅವರು ಉಣ್ಣುವಾಗ ತೂಕಡಿಸುತ್ತಿರಲಿಲ್ಲ. ಮಧ್ಯಾಹ್ನ ನನ್ನ ಜೊತೆ ಕೂತು ಮಾತಾಡುತ್ತಿದ್ದರು. ನಾನೂ ಆಸೆಪಟ್ಟೆ, ಸುಳ್ಳೇಕೆ ಹೇಳಲಿ.

ನಿನ್ನ ಜುಲೈ ಕಾಗದ ಬಂದ ವಾರದಲ್ಲೇ ಅದು ನಡೆಯಿತು. ನಾನು ಅಡುಗೆಮನೆಯಲ್ಲಿದ್ದೆ. ಮೆಷಿನ್ ಗರಗಸ ಮರ ಕೊಯ್ಯುವಾಗಿನ ಸದ್ದು ಬೇರೆ, ಸುಮ್ಮನೆ ತಿರುಗುವಾಗಿನ ಸದ್ದು ಬೇರೆ. ಸುಮ್ಮನೆ ತಿರುಗುವ ಸದ್ದು ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ಅವರು ನೆಲದ ಮೇಲೆ ಮರದ ಹೊಟ್ಟಿನಲ್ಲಿ ಬಿದ್ದು ಅದುರುತ್ತಿದ್ದರು. ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು, ಎರಡೂ ಹೋದವು. ಆಸ್ಪತ್ರೆಯಲ್ಲಿ ಡಾಕ್ಟರು, "ಮಾತ್ರೆ ತಗೋತಿದ್ರಾ?" ಎಂದು ಕೇಳಿದಾಗ ನಿಜ ಹೇಳಿಬಿಟ್ಟೆ. ಅದಕ್ಕೆ ನಿಮ್ಮಣ್ಣ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಅವರಿಗೆ ಬಿದ್ದದ್ದು ನೆನಪಿಲ್ಲ. ಮರದ ಗಂಟಿಗೆ ಸಿಕ್ಕಿ ಕೈ ಜಾರಿತು ಎನ್ನುತ್ತಾರೆ. ಮನೆಗೆ ಬಂದ ಮೇಲೆ ಮಾತ್ರೆಯನ್ನು ನಾಲಿಗೆ ಕೆಳಗಿಟ್ಟುಕೊಂಡು ಹಿತ್ತಲಲ್ಲಿ ಉಗಿಯುತ್ತಾರೆ.

ಈಗಲಾದರೂ ಹೇಳು. ಆ ಮೇಷ್ಟ್ರು ಏನಾದರು?


ಆಗಸ್ಟ್ 13

ಅತ್ತಿಗೆ,

ಮೇಷ್ಟ್ರು ತೀರಿಕೊಂಡರು.

ಕೊನೆಯ ಅಧ್ಯಾಯ ಅವರು ಬರೆದದ್ದಲ್ಲ, ಅವರ ಹೆಂಡತಿ ಬರೆದದ್ದು. ಮಾತ್ರೆ ಬಿಟ್ಟ ಮೇಲಿನ ಸಂತೋಷವನ್ನೆಲ್ಲ ಮೇಷ್ಟ್ರು ಬರೆಯುತ್ತಾ ಹೋಗಿದ್ದಾರೆ. ಮರದ ಎಲೆ ಕಾಣಿಸಿದ್ದು, ಹಾಡು ಕೇಳಿಸಿದ್ದು, ಮಕ್ಕಳ ಹೆಸರು ಥಟ್ಟನೆ ನೆನಪಾದದ್ದು. ಒಂದು ವಾಕ್ಯ ಅರ್ಧಕ್ಕೆ ನಿಂತಿದೆ. ಪುಟ ತಿರುಗಿಸಿದರೆ ಬೇರೆಯವರ ಭಾಷೆ. ಬಚ್ಚಲಲ್ಲಿ ಬಿದ್ದರು, ಬಾಗಿಲು ಒಳಗಿನಿಂದ ಹಾಕಿತ್ತು, ತೆಗೆಯುವಷ್ಟರಲ್ಲಿ ಮುಗಿದಿತ್ತು ಎಂದು ಆಕೆ ಬರೆದಿದ್ದಾರೆ. ಮಾತ್ರೆ ಬಿಡಬೇಡಿ ಎಂದು ಕೈಮುಗಿದು ಕೇಳಿಕೊಂಡಿದ್ದಾರೆ. ಅದನ್ನು ಓದಿದಾಗ ನನ್ನ ಮೈ ಝುಂ ಎಂದಿತ್ತು. ಎಂಥ ರಚನೆ, ಎಂಥ ತಿರುವು ಎಂದುಕೊಂಡೆ. ಓದುಗರಿಗೂ ಹಾಗೇ ಆಗಲಿ ಎಂದು ಮುಚ್ಚಿಟ್ಟೆ.

ಬರೆಯುವಾಗ ಅಣ್ಣ ನೆನಪಾಗಲಿಲ್ಲವೇ ಎಂದು ನೀವು ಕೇಳಿಲ್ಲ. ನೆನಪಾಗಿದ್ದ. ಅವನಿಗಾಗಿಯೇ ಆ ಪುಸ್ತಕ ಆರಿಸಿದ್ದು. ಮಾತ್ರೆಯ ಮೇಲೆ ಅವನಿಗಿರುವ ಸಿಟ್ಟು ನನಗೆ ಗೊತ್ತಿತ್ತು. ನಾನು ಬುದ್ಧಿ ಹೇಳಿದರೆ ಕೇಳುವವನಲ್ಲ, ಪುಸ್ತಕ ಓದಿ ತಾನೇ ತಿಳಿದುಕೊಳ್ಳಲಿ ಎಂದುಕೊಂಡೆ. ನನ್ನ ಅಣ್ಣ ಪುಸ್ತಕ ಓದುವುದಿಲ್ಲ, ನನ್ನನ್ನು ಮಾತ್ರ ಓದುತ್ತಾನೆ ಎಂಬುದು ಹೊಳೆಯಲೇ ಇಲ್ಲ. ಮೊದಲ ಕಾಗದದಲ್ಲೇ ನೀವು ಅದನ್ನು ಬರೆದಿದ್ದಿರಿ. ನಾನು ಹೊಗಳಿಕೆ ಎಂದು ಓದಿಕೊಂಡೆ.

ಅವನ ಆ ಕೈ ಹಿಡಿದು ನಾನು ರಸ್ತೆ ದಾಟಿದ್ದೇನೆ ಅತ್ತಿಗೆ. ನಿಮ್ಮ ಉತ್ತರ ಬಂದ ಕೂಡಲೇ ಹೊರಡುತ್ತೇನೆ. ಈ ಕಾಗದವನ್ನು ಅವನಿಗೆ ಓದಿ ಹೇಳಿ.


ಆಗಸ್ಟ್ 22

ನೀನು ಬರಬೇಡ. ಬಂದರೆ ನಿಮ್ಮಣ್ಣ ನಗುನಗುತ್ತಾ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ಕಣ್ಣೀರು ಒರೆಸಿ ಕಳಿಸುತ್ತಾರೆ. ಮಾತ್ರೆ ಮಾತ್ರ ನುಂಗುವುದಿಲ್ಲ.

ನಿನ್ನ ಕಾಗದ ಓದಿ ಹೇಳಿದೆ. ಪೂರ್ತಿ ಕೇಳಿದರು. ಎಷ್ಟೋ ದಿನದ ಮೇಲೆ ನನ್ನೊಡನೆ ಬಾಯಿಬಿಟ್ಟರು. ಏನಂದರು ಗೊತ್ತಾ? "ನೀನು ಬರೆಸಿದೀಯ. ನನ್ನ ಹೆದರ್ಸೋಕೆ ಅತ್ತಿಗೆ ಮೈದುನ ಸೇರ್ಕೊಂಡು ನಾಟಕ ಕಟ್ಟಿದೀರ. ಮೇಷ್ಟ್ರು ಸತ್ತಿದ್ರೆ ಅವನು ಪೇಪರಲ್ಲೇ ಬರೀತಿದ್ದ. ಇಷ್ಟು ದೊಡ್ಡ ವಿಷಯ ಬಿಡೋಕೆ ನನ್ನ ತಮ್ಮ ಏನು ದಡ್ಡನಾ?"

ಅವರ ಮಾತಿನಲ್ಲಿ ತಪ್ಪಿಲ್ಲ.

ಬಾಗಿಲವರೆಗೆ ಕರೆದುಕೊಂಡು ಹೋಗುವುದು ನಿನ್ನ ಕೆಲಸ ಎಂದು ಬರೆದಿದ್ದೆಯಲ್ಲ. ಕರೆದುಕೊಂಡು ಹೋದೆ, ಸರಿ. ಒಳಗೆ ಮೆಟ್ಟಿಲು ಮುರಿದಿದೆ ಎಂದು ಹೇಳಬೇಡವೇ? ಹೇಳಿದರೆ ಒಳಗೆ ಹೋಗುವವರ ಖುಷಿ ಕೆಡುತ್ತದೆ ಅಂದೆ. ಯಾರ ಖುಷಿ? ನಿನ್ನ ವಿಮರ್ಶೆ ಓದಿ ಪುಸ್ತಕ ಕೊಳ್ಳುವವರು ಎಷ್ಟು ಮಂದಿ? ನಮ್ಮ ಕೆಲಸದ ಕೋಣೆಗೆ ಬಂದು ಓದಿದವರಲ್ಲಿ ಒಬ್ಬರೂ ಕೊಂಡಿಲ್ಲ. ಆದರೆ ಮಾತ್ರೆ ಬಿಟ್ಟು ಗುಣವಾದ ಮೇಷ್ಟ್ರೊಬ್ಬರಿದ್ದಾರಂತೆ ಎಂಬ ಸುದ್ದಿಯನ್ನು ಎಲ್ಲರೂ ಮನೆಗೆ ಒಯ್ದರು. ಪುಸ್ತಕ ಚೆನ್ನಾಗಿದೆಯಾ ಅಂತ ನಮ್ಮಂಥವರು ಕೇಳುವುದಿಲ್ಲ ಕಣೋ. ಅದರಲ್ಲಿ ಇರುವುದನ್ನು ನಂಬಬಹುದಾ ಅಂತ ಕೇಳುತ್ತೇವೆ. ನಾನು ಕೇಳಿದ್ದೂ ಅದನ್ನೇ, ಮೂರು ತಿಂಗಳಿಂದ.

ಕೋಪ ಬಂದಿದೆ, ಬರೆದುಬಿಟ್ಟೆ. ನೀನು ನಾನು ಅನ್ನ ಕಲಸಿ ತಿನ್ನಿಸಿದ ಹುಡುಗ. ಕೋಪ ಎಷ್ಟು ದಿನ ಇಟ್ಟುಕೊಳ್ಳಲಿ. ಆದರೆ ಮೊನ್ನೆ ಅವರು ಮತ್ತೆ ಮೆಷಿನ್ ಹತ್ತಿರ ಹೋಗಿ ನಿಂತಿದ್ದರು. ಕಪಾಟಿನ ಒಂದು ಬಾಗಿಲು ಬಾಕಿಯಿದೆಯಂತೆ. ನನಗೆ ರಾತ್ರಿ ಹಗಲು ಆ ಸದ್ದೇ ಕಿವಿಯಲ್ಲಿ.

ಪೇಪರಿನಲ್ಲಿ ಬರಿ. ಅಚ್ಚಿನಲ್ಲಿ ಬಂದರೆ ಮಾತ್ರ ನಂಬುತ್ತಾರೆ.


ಸೆಪ್ಟೆಂಬರ್ 10

ಅತ್ತಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಪ್ರತಿ ಸಲವೂ ನೀವು ಬರೆದಿದ್ದೇ ಸರಿ.

ಸಂಪಾದಕರ ಬಳಿ ಹೋದೆ. "ಪುಸ್ತಕ ವಿಮರ್ಶೆಗೆ ತಿದ್ದುಪಡಿ ಹಾಕೋದು ಎಲ್ಲಾದ್ರೂ ಉಂಟೇನ್ರೀ? ನೀವು ಸುಳ್ಳೇನೂ ಬರೆದಿಲ್ಲವಲ್ಲ" ಎಂದರು. ಸುಳ್ಳು ಬರೆದಿಲ್ಲ, ಅದು ನಿಜ. ಪುಸ್ತಕ ಎಲ್ಲಿ ಸರ್ ಎಂದು ಕೇಳಿದೆ. ಚೀಲದಿಂದ ತೆಗೆದುಕೊಟ್ಟರು. ಪುಟದ ಗುರುತಿಗೆ ಅವರಿಟ್ಟ ಚೀಟಿ ಅರ್ಧದಲ್ಲೇ ಇತ್ತು, ಕೊನೆಯವರೆಗೆ ಅವರೂ ಓದಿರಲಿಲ್ಲ.

ಮೇಷ್ಟ್ರ ಹೆಂಡತಿ ಇದೇ ಊರಿನಲ್ಲಿದ್ದಾರೆ. ಅವರ ಅನುಮತಿ ಕೇಳೋಣವೆಂದು ಹೋದೆ. ಒಂದೇ ಕೋಣೆಯ ಮನೆ. ಮೇಷ್ಟ್ರ ಕೊಡೆ ಇನ್ನೂ ಬಾಗಿಲ ಹಿಂದೆ ನೇತಾಡುತ್ತಿತ್ತು. ಆಕೆ ನನಗೆ ಬೈಯಲಿಲ್ಲ. "ನಿಮ್ಮ ವಿಮರ್ಶೆ ನೋಡ್ದೆ. ಆ ಪುಸ್ತಕದಲ್ಲಿ ನಾನು ಬರೆದಿದ್ದು ಒಂದೇ ಅಧ್ಯಾಯ. ಅಚ್ಚು ಹಾಕ್ಸಿದ್ದೇ ಅದಕ್ಕೋಸ್ಕರ. ಅದೊಂದನ್ನೇ ನೀವು ಬಿಟ್ಬಿಟ್ರಿ" ಎಂದರು. ಈಗಲಾದರೂ ಅದನ್ನು ಬರೆಯಿರಿ ಎಂದು ಒಪ್ಪಿ ಕಳಿಸಿದರು.

ಆಫೀಸಿಗೆ ಬಂದು ಖಾನೆ ಎಳೆದು, ಹೊಗಳಿಕೆ ಎಂದು ರಾಶಿ ಹಾಕಿದ್ದ ಕಾರ್ಡುಗಳನ್ನೆಲ್ಲ ಓದಿದೆ. ಹೆಚ್ಚಿನವು ಹೊಗಳಿಕೆಯೇ ಅಲ್ಲ. ಮೇಷ್ಟ್ರ ವಿಳಾಸ ಕೊಡಿ, ಯಾವ ಪಥ್ಯ ಮಾಡಿದರು, ಈಗ ಹೇಗಿದ್ದಾರೆ. ನೀವು ಕೇಳಿದ್ದನ್ನೇ ಅವರೂ ಕೇಳಿದ್ದಾರೆ. ವಿಳಾಸ ಇದ್ದವರಿಗೆಲ್ಲ ಉತ್ತರ ಬರೆದೆ. ಒಂದು ಕಾರ್ಡಿಗೆ ಮಾತ್ರ ಬರೆಯಲಾಗಲಿಲ್ಲ. ಅದರಲ್ಲಿ ವಿಳಾಸವಿಲ್ಲ, ಅಂಚೆಯ ಮುದ್ರೆ ಮಸಿಯಾಗಿದೆ. ಅದರಲ್ಲಿ ಏನಿದೆಯೆಂದು ಜೊತೆಗಿಟ್ಟಿರುವ ಪೇಪರಿನಲ್ಲೇ ಓದಿ.

ಮುಂದಿನ ಪುಸ್ತಕದ ವಿಮರ್ಶೆ ಬರಬೇಕಾದ ಜಾಗದಲ್ಲಿ ಇದನ್ನೇ ಬರೆದುಕೊಟ್ಟೆ. ಹಾಕದಿದ್ದರೆ ಬೇರೆ ಪೇಪರಿಗೆ ಕೊಡುತ್ತೇನೆ ಎಂದೆ. ಸಂಪಾದಕರು ಪೂರ್ತಿ ಓದಿ, "ಹಾಕ್ತೀನಿ. ಇದೇ ನಿಮ್ಮ ಕೊನೇ ಅಂಕಣ" ಅಂದರು. ನಾಳೆಯಿಂದ ನಾನು ಕರಡು ತಿದ್ದುವ ಮೇಜಿಗೆ. ಗೋಡೆಗೆ ಅಂಟಿಸಲು ಇನ್ನು ಬರುವುದಿಲ್ಲವೆಂದು ಅಣ್ಣನಿಗೆ ಹೇಳಿ.

ಪಂಡಿತ

*

(ಜೊತೆಯಲ್ಲಿದ್ದ ಪೇಪರಿನ ತುಂಡು)

ಈ ಪುಸ್ತಕದ ಕೊನೆಯಲ್ಲಿ ಮೇಷ್ಟ್ರು ಸಾಯುತ್ತಾರೆ. ಮಾತ್ರೆ ಬಿಟ್ಟದ್ದರಿಂದ ಸಾಯುತ್ತಾರೆ. ಮೇ ತಿಂಗಳಲ್ಲಿ ಇದೇ ಪುಸ್ತಕದ ಬಗ್ಗೆ ಬರೆದಾಗ ನಾನು ಇದನ್ನು ಹೇಳಲಿಲ್ಲ. ನನ್ನ ಬರಹ ಓದಿ ಮಾತ್ರೆ ನಿಲ್ಲಿಸಿದವರೊಬ್ಬರು ಬೆರಳು ಕಳೆದುಕೊಂಡಿದ್ದಾರೆ. ಅವರು ನನ್ನ ಅಣ್ಣ.

ಪುಸ್ತಕ ಚೆನ್ನಾಗಿದೆ. ಆ ಮಾತು ಈಗಲೂ ನಿಜ. ಮೇಷ್ಟ್ರ ಸಂತೋಷವೂ ನಿಜ. ಅದಕ್ಕೆ ತೆತ್ತ ಬೆಲೆಯನ್ನು ಅವರ ಹೆಂಡತಿ ಬರೆದಿದ್ದಾರೆ. ಎರಡನ್ನೂ ಹೇಳದವನು ಪುಸ್ತಕದ ಬಗ್ಗೆ ಹೇಳಿದಂತಾಗುವುದಿಲ್ಲ.

ನನಗೆ ಒಂದು ಕಾರ್ಡು ಬಂದಿದೆ. "ನಿಮ್ಮ ಲೇಖನ ಓದಿ ಧೈರ್ಯ ಬಂತು. ನಮ್ಮ ಮಗಳಿಗೂ ಮಾತ್ರೆ ನಿಲ್ಲಿಸಿದ್ದೇವೆ. ಈಗ ಪಾಠ ಬೇಗ ಕಲಿಯುತ್ತಿದ್ದಾಳೆ" ಎಂದಿದೆ. ಹೆಸರಿಲ್ಲ, ವಿಳಾಸವಿಲ್ಲ. ಅದನ್ನು ಬರೆದವರು ಇದನ್ನು ಓದುತ್ತಿದ್ದರೆ, ಈಗಲೇ ಮಗುವನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ. ನನ್ನನ್ನು ನಂಬಿದ್ದಿರಿ. ಇನ್ನೊಂದು ಸಲ ನಂಬಿ.


ಸೆಪ್ಟೆಂಬರ್ 25

ಪಂಡಿತರೇ,

ನಿನ್ನ ಕಾಗದ ಬರುವ ಮೊದಲೇ ಪೇಪರು ಬಂತು. ನಿಮ್ಮಣ್ಣ ಕತ್ತರಿ ಹಿಡಿದೇ ಓದಲು ಕೂತರು, ನಾನೂ ಪಕ್ಕದಲ್ಲೇ ನಿಂತು ಓದುತ್ತಿದ್ದೆ. ಮೊದಲ ಸಾಲಿಗೇ ಮುಖ ಇಳಿಯಿತು. "ಅವರು ನನ್ನ ಅಣ್ಣ" ಎನ್ನುವಲ್ಲಿಗೆ ಬಂದಾಗ ಸಿಟ್ಟಿನಿಂದ, "ಊರಿಗೆಲ್ಲ ಸಾರ್ಬೇಕಿತ್ತಾ ಇವನು?" ಎಂದರು. ಪೇಪರು ಎಸೆದು ಎದ್ದುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಓದುತ್ತಾ ಹೋಗಿ ಆ ಕಾರ್ಡಿನ ಜಾಗದಲ್ಲಿ ನಿಂತರು. ಎರಡು ಸಲ ಓದಿದರು.

"ಯಾರ ಮಗು ಇದು?" ಎಂದು ಕೇಳಿದರು.

"ಗೊತ್ತಿಲ್ಲವಂತೆ" ಎಂದೆ.

"ಎಷ್ಟು ವಯಸ್ಸೋ."

"ಅದನ್ನೂ ಬರೆದಿಲ್ಲ."

ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ನನಗೆ ಬಿದ್ದಿದ್ದು ನೆನಪಿಲ್ಲ ಕಣೇ. ನಿಜವಾಗ್ಲೂ ಬಿದ್ದಿದ್ನಾ?" ಎಂದರು. ಮೊದಲ ಸಲ ಕೇಳಿದರು. ನಾನು ಆ ದಿನದ್ದೆಲ್ಲ ಹೇಳಿದೆ, ಗರಗಸದ ಸದ್ದಿನಿಂದ ಹಿಡಿದು. ನಡುವೆ ಅಳು ಬಂತು, ಅತ್ತುಕೊಂಡೇ ಹೇಳಿದೆ. ಅವರು ತಲೆ ಎತ್ತಲಿಲ್ಲ. "ನೀರು ಕೊಡು" ಎಂದರು.

ಕೊಟ್ಟೆ. ಮಾತ್ರೆ ನುಂಗಿ, ನಾಲಿಗೆ ಎತ್ತಿ ತೋರಿಸಿದರು, ನಾನು ಕೇಳದೆಯೇ.

ಮತ್ತೆ ತೂಕಡಿಕೆ ಶುರುವಾಗಿದೆ. ಕೈಯೂ ನಡುಗುತ್ತದೆ. ಕಪಾಟಿನ ಬಾಗಿಲು ಹಾಗೇ ಬಾಕಿಯಿದೆ, ಬಹುಶಃ ಅದಕ್ಕೆ ಬಾಗಿಲು ಬರುವುದೇ ಇಲ್ಲ. ಅದು ನಿನಗೇ ಮಾಡುತ್ತಿದ್ದದ್ದು, ಅದೊಂದನ್ನು ನೀನು ಸರಿಯಾಗಿ ಓದಿದ್ದೆ. ಹೊಸ ಪೇಪರಿನ ತುಂಡನ್ನು ಹಳೆಯದರ ಮೇಲೆ ಅಂಟಿಸಲು ಹೋದೆ. "ಮುಚ್ಚಬೇಡ, ಪಕ್ಕದಲ್ಲೇ ಹಾಕು. ಬಂದವರು ಎರಡನ್ನೂ ಓದ್ಲಿ" ಎಂದರು. ಇನ್ನು ನಿನ್ನ ಅಂಕಣ ಬರುವುದಿಲ್ಲ ಎಂದು ಹೇಳಿದೆ. ಕತ್ತರಿ ಎತ್ತಿ ಒಳಗಿಟ್ಟರು.

ಆದರೆ ಅಂಚೆಯವನು ಬೀದಿಗೆ ಬಂದರೆ ಸಾಕು, ಒಳಗಿನಿಂದಲೇ ಕೂಗಿ ಕೇಳುತ್ತಾರೆ, "ಆ ಮಗುವಿನ ಮನೆಯವರು ಬರೆದ್ರಂತಾ?"

ಏನು ಹೇಳಲಿ, ಬರಿ.

ನಿನ್ನ ಅತ್ತಿಗೆ